ನಾಯಿ ಕಚ್ಚಿದ ಮೇಲೆ ಮೈಯೊಳಗೆ ನಡೆದದ್ದು

ಬಹುತೇಕ ಲಸಿಕೆಗಳನ್ನು ರೋಗಾಣು ಮೈಸೇರುವ ಮೊದಲೇ ಹಾಕಿಸಿಕೊಂಡಿರಬೇಕು. ದಡಾರದ ಗುಳ್ಳೆ ಎದ್ದ ಮೇಲೆ ದಡಾರದ ಲಸಿಕೆ ಹಾಕಿಸಿ ಪ್ರಯೋಜನವಿಲ್ಲ. ರೇಬಿಸ್ ಇದಕ್ಕೆ ಹೊರತು: ನಾಯಿ ಕಚ್ಚಿ, ವೈರಸ್ಸು ಒಳಗೆ ಹೋಗಿರಬಹುದಾದ ಮೇಲೆಯೂ ಲಸಿಕೆ ಕೆಲಸ ಮಾಡುತ್ತದೆ, ಅದೂ ಎಂಥ ರೋಗದ ವಿರುದ್ಧ ಎಂದರೆ, ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ ಇರುವ ರೋಗದ ವಿರುದ್ಧ. ಇದು ಹೇಗೆ ಸಾಧ್ಯ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದವನು ನಾನು. ಸೇವೆಯ ಉದ್ದಕ್ಕೂ ಬೇರೆಯವರ ಬಿಳಿ ರಕ್ತಕಣಗಳನ್ನು ಎಣಿಸುವುದೇ ನನ್ನ ಕೆಲಸವಾಗಿತ್ತು. ಕಳೆದ ಮಳೆಗಾಲದಲ್ಲಿ ಅದೆಲ್ಲವನ್ನೂ ನನ್ನ ಮೈಯಲ್ಲೇ ಗಮನಿಸುವ ಸಂದರ್ಭ ಬಂತು.

ಅರಸೀಕೆರೆ ಕಡೆಯ ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ, ಮೋರಿಯ ಪಕ್ಕದಿಂದ ಎದ್ದು ಬಂದ ನಾಯಿಯೊಂದು ಬೊಗಳದೆ, ಗುರುಗುಟ್ಟದೆ, ನೇರವಾಗಿ ಎಡಗೈಗೆ ಬಾಯಿ ಹಾಕಿತು. ಹೆಬ್ಬೆರಳಿನ ಬುಡದಲ್ಲಿ ಎರಡು ಹಲ್ಲು ಆಳವಾಗಿ ಇಳಿದಿದ್ದವು. ತೋರುಬೆರಳಿನ ತುದಿಯಲ್ಲಿ ಉಗುರಿನ ಪಕ್ಕದ ಚರ್ಮ ಸೀಳಿತ್ತು. ಅದು ಊರಿನವರು ಯಾರೂ ಗುರುತಿಸಿದ ನಾಯಿಯಲ್ಲ. ಆಮೇಲೆ ಹುಡುಕಿದರೂ ಸಿಗಲಿಲ್ಲ. ಕಚ್ಚಿದ ನಾಯಿ ಕಣ್ಣೆದುರಿಗೇ ಇದ್ದು 10 ದಿನ ಆರೋಗ್ಯವಾಗಿ ಬದುಕಿದರೆ, ಕಚ್ಚುವ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ವೈರಸ್ ಇರಲಿಲ್ಲ ಎಂದು ಖಚಿತವಾಗಿ ಹೇಳಬಹುದು. ವೈರಸ್ಸು ಜೊಲ್ಲಿಗೆ ಬಂದ ನಾಯಿ ಅಷ್ಟು ದಿನ ಉಳಿಯುವುದಿಲ್ಲ. ಆ ಅನುಕೂಲ ನನಗೆ ಇರಲಿಲ್ಲವಾದ್ದರಿಂದ ಪೂರ್ತಿ ಚಿಕಿತ್ಸೆ ತೆಗೆದುಕೊಳ್ಳುವುದೆಂದು ತೋಟದ ಮೋಟಾರಿನ ಹತ್ತಿರ ನಿಂತಾಗಲೇ ತೀರ್ಮಾನವಾಗಿತ್ತು.

ಪಂಪಿನ ನೀರು ಬಿಟ್ಟು, ಬಟ್ಟೆ ಒಗೆಯುವ ಸೋಪಿನಿಂದ 15 ನಿಮಿಷ ಗಾಯ ತೊಳೆದೆ. ಗಡಿಯಾರ ನೋಡಿಕೊಂಡು ತೊಳೆಯದಿದ್ದರೆ ಯಾರೂ ಅಷ್ಟು ಹೊತ್ತು ತೊಳೆಯುವುದಿಲ್ಲ, ಏಕೆಂದರೆ ಎರಡು ನಿಮಿಷಕ್ಕೇ ಸಾಕು ಎನ್ನಿಸಿಬಿಡುತ್ತದೆ. ರೇಬಿಸ್ ವೈರಸ್ಸಿನ ಹೊರಗೆ ಕೊಬ್ಬಿನ ಪದರವೊಂದಿದೆ. ಸೋಪು ಆ ಪದರವನ್ನು ಕರಗಿಸಿದರೆ ವೈರಸ್ಸು ನಿಷ್ಕ್ರಿಯವಾಗುತ್ತದೆ. ಚರ್ಮವೇ ನಮ್ಮ ಮೊದಲ ರಕ್ಷಣೆ ಎಂದು ಪಠ್ಯಗಳು ಹೇಳುವುದು ನಿಜ. ಮೇಲಿನ ಸತ್ತ ಕೋಶಗಳ ಒಣ ಪದರವನ್ನು ದಾಟುವ ಸಾಮರ್ಥ್ಯ ಈ ವೈರಸ್ಸಿಗಿಲ್ಲ, ಗಾಯವಿಲ್ಲದ ಚರ್ಮದ ಮೇಲೆ ನಾಯಿ ನೆಕ್ಕಿದರೆ ಲಸಿಕೆಯೂ ಬೇಕಿಲ್ಲ. ಆ ರಕ್ಷಣೆ ಹರಿದುಹೋದ ಜಾಗದಲ್ಲಿ, ದೇಹ ತಾನಾಗಿ ಏನನ್ನಾದರೂ ಮಾಡುವ ಮೊದಲು, ವೈರಸ್ಸಿನ ಸಂಖ್ಯೆಯನ್ನು ತಗ್ಗಿಸುವ ಕೆಲಸವನ್ನು ಸೋಪು ಮಾಡುತ್ತದೆ. ಮನೆಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಸುಣ್ಣದ ಡಬ್ಬಿ ಹಿಡಿದೇ ನಿಂತಿದ್ದರು. "ಸುಣ್ಣ ಅರಿಶಿನ ಕಲಸಿ ಮೆತ್ತು ಮಗಾ, ನಂಜು ಎಳ್ಕೊಳ್ಳುತ್ತೆ" ಎಂದರು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಇವೆಲ್ಲ ಗಾಯವನ್ನು ಕೆರಳಿಸಿ, ವೈರಸ್ಸು ನರದ ತುದಿಗಳ ಕಡೆಗೆ ಇನ್ನಷ್ಟು ಒಳಗೆ ಸರಿಯುವುದಕ್ಕೆ ದಾರಿ ಮಾಡಬಹುದು ಎಂದು ಅವರಿಗೆ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಕರ್ತವ್ಯದ ಮೇಲಿದ್ದ ವೈದ್ಯೆ ಗಾಯವನ್ನು ನೋಡಿ "ಮೂರನೇ ವರ್ಗ" ಎಂದು ಬರೆದುಕೊಂಡರು. ಮುಟ್ಟಿದ್ದು, ಮೇವು ಹಾಕಿದ್ದು ಒಂದನೇ ವರ್ಗ. ರಕ್ತ ಬಾರದ ಪರಚು ಎರಡನೆಯದು. ಚರ್ಮ ತೂರಿ ರಕ್ತ ಬಂದ ಕಡಿತ, ಹರಿದ ಚರ್ಮದ ಮೇಲೆ ನೆಕ್ಕಿದ್ದು, ಬಾಯಿ ಕಣ್ಣುಗಳ ತೇವದ ಪೊರೆಗೆ ಜೊಲ್ಲು ತಗುಲಿದ್ದು ಮೂರನೆಯದು. "ಸಾರ್, ಮೊದಲು ಯಾವಾಗಲಾದರೂ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದೀರಾ?" ಎಂದು ಅವರು ಎರಡು ಸಲ ಕೇಳಿದರು. ಇಡೀ ಚಿಕಿತ್ಸೆ ಆ ಒಂದು ಉತ್ತರದ ಮೇಲೆ ನಿಂತಿದೆ. ಇಲ್ಲ ಎಂದೆ. ಹಾಗಾದರೆ ಲಸಿಕೆಯ ಜೊತೆಗೆ ಸೀರಮ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರೋಟೀನುಗಳ ದ್ರವ) ಕೂಡ ಬೇಕು ಎಂದರು. ಧನುರ್ವಾಯುವಿನ ಚುಚ್ಚುಮದ್ದನ್ನು ಮಾತ್ರ ಒಂದೇ ಸಲ ಕೊಟ್ಟು ಮುಗಿಸಿದರು, ಏಕೆಂದರೆ ಅದರ ಪರಿಚಯ ನನ್ನ ದೇಹಕ್ಕೆ ಹಿಂದಿನಿಂದಲೂ ಇತ್ತು; ಹಳೆಯ ಪಾಠವನ್ನು ನೆನಪಿಸಿದರೆ ಸಾಕಾಗುತ್ತದೆ. ರೇಬಿಸ್ಸಿನ ವಿಷಯದಲ್ಲಿ ನೆನಪಿಸುವುದಕ್ಕೆ ಏನೂ ಇರಲಿಲ್ಲ.

ಇಲ್ಲಿ ಓದುಗರು ಕೇಳಬಹುದಾದ ಪ್ರಶ್ನೆ ಒಂದಿದೆ. ವೈರಸ್ಸೇ ಮೈಯೊಳಗೆ ಬಂದಿರುವಾಗ ದೇಹ ತಾನಾಗಿಯೇ ಅದನ್ನು ಗುರುತಿಸಿ ಪ್ರತಿಕಾಯಗಳನ್ನು (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನುಗಳನ್ನು) ತಯಾರಿಸಬೇಕಲ್ಲವೇ, ಸತ್ತ ವೈರಸ್ಸನ್ನು ಲಸಿಕೆಯಾಗಿ ಮತ್ತೆ ಕೊಡುವುದೇಕೆ? ಸಾಮಾನ್ಯ ನೆಗಡಿಯ ವೈರಸ್ಸಾದರೆ ಹಾಗೆಯೇ ಆಗುತ್ತದೆ. ಅದು ಹೊಕ್ಕ ಕೋಶ ಕೆಡುತ್ತದೆ, ಕೆಟ್ಟ ಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನುಗಳನ್ನು ಸುರಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ (1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು), ಅಲ್ಲಿಂದ ಮುಂದಿನದೆಲ್ಲ ಶುರುವಾಗುತ್ತದೆ. ರೇಬಿಸ್ ವೈರಸ್ಸಿನ ನಡೆ ಬೇರೆ. ಜೊಲ್ಲಿನೊಂದಿಗೆ ಬರುವ ಅದರ ಪ್ರಮಾಣವೇ ಕಡಿಮೆ. ಬಂದದ್ದು ಸ್ನಾಯುವಿನಲ್ಲಿ ಸದ್ದಿಲ್ಲದೆ ಸ್ವಲ್ಪ ವೃದ್ಧಿಯಾಗಿ, ಅಥವಾ ನೇರವಾಗಿಯೇ, ನರದ ತುದಿಯನ್ನು ಹೊಕ್ಕುಬಿಡುತ್ತದೆ. ನರತಂತುವಿನ ಒಳಗಿನ ಸಾಗಾಣಿಕೆಯ ದಾರಿಯನ್ನೇ ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ದಾರಿಯುದ್ದಕ್ಕೂ ಕೋಶಗಳನ್ನು ಒಡೆಯುವುದಿಲ್ಲ, ರಕ್ತಕ್ಕೆ ಇಳಿಯುವುದಿಲ್ಲ, ಮೇಲಾಗಿ ತನ್ನದೊಂದು ಪ್ರೋಟೀನಿನಿಂದ ಇಂಟರ್‌ಫೆರಾನ್ ಹುಟ್ಟುವುದನ್ನೇ ಅದುಮಿ ಹಿಡಿಯುತ್ತದೆ. ಕಡಿತಕ್ಕೂ ರೋಗಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ 1ರಿಂದ 3 ತಿಂಗಳು ಅಂತರವಿರುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಸಿದ್ಧವಾಗಲು ಎರಡು ವಾರ ಸಾಕು. ಸಮಯವಿದೆ, ಶಕ್ತಿಯೂ ಇದೆ, ಸುದ್ದಿ ಮಾತ್ರ ತಲುಪುವುದಿಲ್ಲ; ತಲುಪುವ ಹೊತ್ತಿಗೆ ವೈರಸ್ಸು ಮಿದುಳಿನಲ್ಲಿರುತ್ತದೆ, ರಕ್ತದಲ್ಲಿನ ಪ್ರತಿಕಾಯಗಳು ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಸುಲಭವಾಗಿ ದಾಟಲಾರವು. ರೇಬಿಸ್ ಚಿಕಿತ್ಸೆ ಎಂದು ನಾವು ಕರೆಯುವುದು ಮುಖ್ಯವಾಗಿ ಆ ಸುದ್ದಿಯನ್ನು ವೈರಸ್ಸಿಗಿಂತ ಮೊದಲು ಮುಟ್ಟಿಸುವ ಉಪಾಯ. ರೋಗಾಣುವನ್ನು ಕೊಲ್ಲುವ ಔಷಧಿ ಅದರಲ್ಲಿ ಯಾವುದೂ ಇಲ್ಲ.

ಸುದ್ದಿ ಮುಟ್ಟಿ ದೇಹ ಸಿದ್ಧವಾಗುವವರೆಗಿನ ದಿನಗಳಿಗಾಗಿ ಸೀರಮ್ ಕೊಡುತ್ತಾರೆ. ಬೇರೊಂದು ಪ್ರಾಣಿಯ ದೇಹದಲ್ಲಿ ತಯಾರಾದ ಪ್ರತಿಕಾಯಗಳನ್ನು ತಂದು ರೋಗಿಗೆ ಕೊಡಬಹುದು ಎಂದು 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಡಿಫ್ತೀರಿಯ ಹಾಗೂ ಧನುರ್ವಾಯುವಿನ ವಿಷಯದಲ್ಲಿ ತೋರಿಸಿಕೊಟ್ಟಿದ್ದರು. ವೈದ್ಯಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ 1901ರಲ್ಲಿ ಬೇರಿಂಗ್‌ಗೆ ಬಂದದ್ದು ಈ ಕೆಲಸಕ್ಕೆ. ಅಕ್ಕಿ ತೀರಿದ ದಿನ ಪಕ್ಕದ ಮನೆಯಿಂದ ತರುವ ಕೈಗಡದಂತೆ ಇದು. ಇವತ್ತಿನ ಊಟಕ್ಕೆ ಆಗುತ್ತದೆ, ಗದ್ದೆ ಬೆಳೆಯುವುದಿಲ್ಲ. ನನಗೆ ಕೊಟ್ಟದ್ದು ಕುದುರೆಯ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಕುದುರೆಯ ಪ್ರತಿಕಾಯಗಳು. ಮನುಷ್ಯರ ರಕ್ತದಿಂದ ತಯಾರಿಸಿದ್ದೂ ಇದೆ, ಅದರ ಬೆಲೆ ಬಹಳ ಹೆಚ್ಚು. ಕುದುರೆಯದಾದರೆ ದೇಹತೂಕದ ಪ್ರತಿ ಕಿಲೋಗೆ 40 ಯೂನಿಟ್, ಮನುಷ್ಯರದಾದರೆ 20. 60 ಕಿಲೋ ತೂಕದ ನನಗೆ 2400 ಯೂನಿಟ್, ಅಂದರೆ 8 ಮಿಲಿಲೀಟರ್ ಗರಿಷ್ಠ ಮಿತಿ.

ಈ ಸೀರಮ್ಮನ್ನು ತೋಳಿಗೋ ಸೊಂಟಕ್ಕೋ ಚುಚ್ಚಿ ಮುಗಿಸುವುದಿಲ್ಲ. ವೈರಸ್ಸು ಎಲ್ಲಿದೆಯೋ ಅಲ್ಲಿ, ಗಾಯದ ಒಳಗೆ ಮತ್ತು ಸುತ್ತ, ಅದನ್ನು ತುಂಬಬೇಕು. ಹೆಬ್ಬೆರಳಿನ ಬುಡ ಮೆತ್ತಗಿನ ಜಾಗವಾದ್ದರಿಂದ ಅಲ್ಲಿ ಸೂಜಿ ಸುಲಭವಾಗಿ ಹೋಯಿತು. ಬೆರಳಿನ ತುದಿಯ ಕತೆ ಬೇರೆ. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಜಾಗವೇ ಇಲ್ಲ. ಸಿಸ್ಟರ್ ತೆಳ್ಳಗಿನ ಸೂಜಿಯಿಂದ ಹನಿಹನಿಯಾಗಿ ಒಳಗೆ ತಳ್ಳುತ್ತಿದ್ದಂತೆ ಬೆರಳು ಬಿಗಿದುಕೊಂಡಿತು, ಸೀಳಿದ ಅಂಚಿನಿಂದ ಔಷಧ ಸ್ವಲ್ಪ ಹೊರಗೂ ಒಸರಿತು, ಉಗುರಿನ ಕೆಳಗಿನ ಕೆಂಪು ಕಂತಿ ಬಿಳಿಚಿಕೊಂಡಿತು. ಅದನ್ನು ಕಂಡ ತಕ್ಷಣ ಸಿಸ್ಟರ್ ಕೈ ತಡೆದರು. ಅದಕ್ಕಿಂತ ಹೆಚ್ಚು ತುಂಬಿದರೆ ಒತ್ತಡಕ್ಕೆ ಬೆರಳಿನ ರಕ್ತಸಂಚಾರವೇ ನಿಂತುಹೋಗಬಹುದು. "ಹಲ್ಲು ಕಚ್ಕೊಳ್ಳಿ ಸಾರ್, ಇಷ್ಟೇ, ಆಯ್ತು" ಎಂದು ಅವರು ಹೇಳುತ್ತಿದ್ದುದು ಒಂದೇ ಕಿವಿಗೆ ಕೇಳಿಸುತ್ತಿತ್ತು. ಬೆರಳ ತುದಿಯಲ್ಲಿ ನರಗಳು ದಟ್ಟವಾಗಿವೆ. ನೋವಿಗೆ ಕಾರಣವಾದ ಅದೇ ದಟ್ಟಣೆಯೇ ಅಲ್ಲಿನ ಕಡಿತವನ್ನು ಅಪಾಯಕಾರಿಯಾಗಿಸುವುದೂ ಹೌದು. ಕುದುರೆಯ ಪ್ರತಿಕಾಯಗಳು ಅಲ್ಲಿ ಉಳಿದಿರಬಹುದಾದ ವೈರಸ್ಸಿನ ಮೇಲ್ಮೈಯ ಗ್ಲೈಕೊಪ್ರೋಟೀನಿಗೆ ಅಂಟಿಕೊಂಡು, ಅದು ನರಕ್ಕೆ ಕಚ್ಚಿಕೊಳ್ಳದಂತೆ ಮಾಡುತ್ತವೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿದ್ದರು, ಅಡ್ರಿನಲಿನ್ ತುಂಬಿದ ಸಿರಿಂಜ್ ಟ್ರೇಯಲ್ಲಿ ಸಿದ್ಧವಾಗಿತ್ತು. ಕುದುರೆಯ ಪ್ರೋಟೀನಿಗೆ ದೇಹ ಹೇಗೆ ಪ್ರತಿಕ್ರಿಯಿಸೀತು ಎಂದು ಮೊದಲೇ ಹೇಳಲಾಗುವುದಿಲ್ಲ.

ಲಸಿಕೆಯನ್ನು ಬೇರೆ ಸಿರಿಂಜಿನಲ್ಲಿ, ಗಾಯದಿಂದ ದೂರದ ಜಾಗಕ್ಕೆ ಕೊಡುತ್ತಾರೆ. ಎರಡನ್ನೂ ಬೆರೆಸಿದರೆ ತಂದ ಪ್ರತಿಕಾಯಗಳು ಲಸಿಕೆಯಲ್ಲಿನ ವೈರಸ್ಸನ್ನೇ ಮುಚ್ಚಿಹಾಕುತ್ತವೆ, ದೇಹಕ್ಕೆ ತೋರಿಸಬೇಕಾದದ್ದು ಕಾಣದೆ ಹೋಗುತ್ತದೆ. ಸೀರಮ್ಮಿನ ಪ್ರಮಾಣಕ್ಕೆ ಮಿತಿ ಹಾಕಿರುವುದಕ್ಕೂ, ಮೊದಲ ಲಸಿಕೆಯಾಗಿ 7 ದಿನ ಕಳೆದ ಮೇಲೆ ಸೀರಮ್ ಕೊಡಬಾರದು ಎಂಬುದಕ್ಕೂ ಇದೇ ಕಾರಣ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಲಸಿಕೆಯನ್ನು ಚರ್ಮದ ಪದರದೊಳಗೇ ಕೊಡುತ್ತಾರೆ. 2006ರಲ್ಲಿ ಈ ವಿಧಾನಕ್ಕೆ ಭಾರತದಲ್ಲಿ ಅನುಮತಿ ಸಿಕ್ಕಿತು. ಎರಡೂ ತೋಳುಗಳ ಮೇಲ್ಭಾಗಕ್ಕೆ ತಲಾ 0.1 ಮಿಲಿಲೀಟರ್, 0, 3, 7 ಮತ್ತು 28ನೇ ದಿನ. ಸೂಜಿಯನ್ನು ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ ಹಿಡಿದು ತಳ್ಳಿದಾಗ, ರೋಮರಂಧ್ರಗಳು ಎದ್ದು ಕಾಣುವ ಬೆಳ್ಳನೆಯ ಗುಳ್ಳೆಯೊಂದು ಮೇಲೇಳಬೇಕು. ಗುಳ್ಳೆ ಏಳದಿದ್ದರೆ ಮದ್ದು ಚರ್ಮದ ಕೆಳಕ್ಕೆ ಹೋಯಿತು ಎಂದರ್ಥ, ಮತ್ತೊಮ್ಮೆ ಚುಚ್ಚಬೇಕು. ಸ್ನಾಯುವಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಮದ್ದಿನಲ್ಲಿ ಕೆಲಸವಾಗುವುದು ಚರ್ಮದ ಗುಣದಿಂದ. ಹೊರಗಿನಿಂದ ಬಂದದ್ದನ್ನು ಹಿಡಿದು, ತುಂಡರಿಸಿ, ದುಗ್ಧಗ್ರಂಥಿಗೆ (ಬಗಲು, ಕತ್ತು ಮುಂತಾದೆಡೆ ರೋಗನಿರೋಧಕ ಕೋಶಗಳು ಸೇರುವ ಗಂಟಿಗೆ) ಒಯ್ದು ತೋರಿಸುವ ಡೆಂಡ್ರೈಟಿಕ್ ಕೋಶಗಳು ಚರ್ಮದಲ್ಲಿ ಹೇರಳವಾಗಿವೆ. ಈ ಕೋಶಗಳನ್ನು 1973ರಲ್ಲಿ ಗುರುತಿಸಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರ ನೊಬೆಲ್ ಘೋಷಣೆಯಾಗುವ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು.

ಸೂಜಿ ಎಂದರೆ ನಮ್ಮ ಕಡೆ ಈಗಲೂ ಹಿರಿಯರು ಹೊಕ್ಕುಳ ಮುಟ್ಟಿಕೊಳ್ಳುತ್ತಾರೆ. ಹೊಕ್ಕುಳ ಸುತ್ತ 14 ಸೂಜಿ ಎಂಬ ಆ ಭಯ ಕಟ್ಟುಕತೆಯಲ್ಲ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ, ಒಣಗಿಸಿದ ಮೊಲದ ಬೆನ್ನುಹುರಿಯಿಂದ ತಯಾರಿಸಿದ ಲಸಿಕೆಯನ್ನು ಮೊದಲು ಕೊಡಿಸಿದರು. ಅದೇ ದಾರಿಯಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಫೀನಾಲಿನಿಂದ ಕೊಂದು ಮಾಡಿದ ಲಸಿಕೆ ಭಾರತದಲ್ಲಿ ದಶಕಗಳ ಕಾಲ ಲಕ್ಷಾಂತರ ಜನರಿಗೆ ಸಿಕ್ಕ ಏಕೈಕ ರಕ್ಷಣೆಯಾಗಿತ್ತು. ದಕ್ಷಿಣದವರಿಗೆಲ್ಲ 1907ರಲ್ಲಿ ಆರಂಭವಾದ ಕೂನೂರಿನ ಪಾಶ್ಚರ್ ಸಂಸ್ಥೆಯ ಹೆಸರು ನಾಯಿಕಡಿತದ ಜೊತೆಗೇ ನೆನಪಾಗುತ್ತಿತ್ತು. ಕುರಿಯ ಮಿದುಳಿನ ಲಸಿಕೆಯಲ್ಲಿ ವೈರಸ್ಸಿನ ಜೊತೆಗೆ ನರಗಳ ಹೊದಿಕೆಯಾದ ಮಯಲಿನ್ ಕೂಡ ಇರುತ್ತಿತ್ತು. ಕೆಲವರ ದೇಹ ಆ ಮಯಲಿನ್ನಿನ ವಿರುದ್ಧವೂ ತಯಾರಾಗಿ, ತನ್ನದೇ ಮಿದುಳು ಮತ್ತು ಬೆನ್ನುಹುರಿಯ ಹೊದಿಕೆಯ ಮೇಲೆ ತಿರುಗಿಬಿದ್ದು, ಲಕ್ವ ಹೊಡೆದದ್ದೂ ಸತ್ತದ್ದೂ ಉಂಟು. ತೋರಿಸಿದ್ದನ್ನೆಲ್ಲ ಕಲಿಯುವ ವ್ಯವಸ್ಥೆಗೆ ಏನನ್ನು ತೋರಿಸುತ್ತೇವೆ ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ತಿಳಿದಿಲ್ಲ. 2005ರ ಹೊತ್ತಿಗೆ ಆ ಲಸಿಕೆ ನಮ್ಮ ದೇಶದಲ್ಲಿ ಪೂರ್ತಿ ನಿಂತಿತು. ಈಗಿನದು ಕೋಳಿಯ ಭ್ರೂಣದ ಕೋಶಗಳಲ್ಲೋ ವೀರೋ ಎಂಬ ಕೋಶಸಾಲಿನಲ್ಲೋ ಬೆಳೆಸಿ ಶುದ್ಧೀಕರಿಸಿದ, ಸತ್ತ ವೈರಸ್.

ಮರುದಿನ ಬೆಳಿಗ್ಗೆ ಎಡಗೈ ಮುಷ್ಟಿ ಕಟ್ಟಲಾಗದಷ್ಟು ಊದಿತ್ತು. ಕೆಂಪು, ಬಿಸಿ, ಊತ, ನೋವು: ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಪಟ್ಟಿ ಮಾಡಿದ ಉರಿಯೂತದ ನಾಲ್ಕೂ ಲಕ್ಷಣಗಳು ಹೆಬ್ಬೆರಳಿನ ಬುಡದಲ್ಲಿ ಇದ್ದವು. ಇವು ರೇಬಿಸ್ಸಿನ ಲಕ್ಷಣಗಳಲ್ಲ, ನಾಯಿಯ ಬಾಯಿಯಲ್ಲಿನ ಬ್ಯಾಕ್ಟೀರಿಯಗಳಿಗೆ ದೇಹ ಕೊಟ್ಟ ಉತ್ತರ. ಗಾಯವಾದ ಕ್ಷಣದಿಂದಲೇ ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸಿ ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಅಂಗಾಂಶದಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್‌ಗಳು ರಾಸಾಯನಿಕ ಸಂಕೇತಗಳನ್ನು ಬಿಡುತ್ತವೆ, ಹಿಗ್ಗಿದ ನಾಳಗಳ ಗೋಡೆ ತೂರಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆಲವೇ ಗಂಟೆಗಳಲ್ಲಿ ಬಂದು ಸೇರುತ್ತವೆ. ಇವುಗಳಿಗೆ ಯಾವ ಪರಿಚಯವೂ ಬೇಕಿಲ್ಲ; ಬ್ಯಾಕ್ಟೀರಿಯಗಳ ಹೊರಕವಚದ ಸಾಮಾನ್ಯ ರಚನೆಯನ್ನು ಗುರುತಿಸುವ ಸಾಮರ್ಥ್ಯ ಅವಕ್ಕೆ ಹುಟ್ಟಿನಿಂದಲೇ ಇದೆ. ಕೋಶಗಳು ರೋಗಾಣುವನ್ನು ನುಂಗುತ್ತವೆ ಎಂದು 1882ರಲ್ಲಿ ಮೆಸ್ಸಿನಾದ ಕಡಲತೀರದಲ್ಲಿ, ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದ ಇಲ್ಯಾ ಮೆಚ್ನಿಕಾಫ್ ಊಹಿಸಿದ್ದು ಇವುಗಳ ಬಗ್ಗೆಯೇ.

ನನ್ನ ಹಳೆಯ ಪ್ರಯೋಗಾಲಯದ ಹುಡುಗರು ರಕ್ತ ತೆಗೆದು ಸ್ಲೈಡ್ ಮಾಡಿ, ಲೀಶ್ಮನ್ ಬಣ್ಣ ಹಾಕಿ, "ನೀವೇ ನೋಡಿ ಸಾರ್" ಎಂದು ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಬಿಟ್ಟುಕೊಟ್ಟರು. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4000ದಿಂದ 11000 ಬಿಳಿ ಕಣಗಳಿರುತ್ತವೆ. ನನ್ನದು ಆ ಮೇಲ್ಮಿತಿಯನ್ನು ದಾಟಿತ್ತು. ತಿಳಿಗುಲಾಬಿ ಬಣ್ಣದ ಕೆಂಪು ಕಣಗಳ ನಡುವೆ, ಮೂರ್ನಾಲ್ಕು ಹಾಲೆಗಳಾಗಿ ಒಡೆದ ನೇರಳೆ ಕೋಶಕೇಂದ್ರದ ನ್ಯೂಟ್ರೋಫಿಲ್‌ಗಳು ಎತ್ತ ಸರಿಸಿದರೂ ಕಾಣುತ್ತಿದ್ದವು. ಅವುಗಳ ನಡುನಡುವೆ ಕೋಶಕೇಂದ್ರ ಇನ್ನೂ ಹಾಲೆಯಾಗಿ ಒಡೆಯದೆ ಬಾಗಿದ ಪಟ್ಟಿಯಂತೆಯೇ ಇದ್ದ ಎಳೆಯ ಕಣಗಳೂ ಇದ್ದವು. ಬೇಡಿಕೆ ಹೆಚ್ಚಿದಾಗ ಅಸ್ಥಿಮಜ್ಜೆ ಪೂರ್ತಿ ಬಲಿಯದವನ್ನೂ ಹೊರಗೆ ಕಳಿಸುತ್ತದೆ. ಹುಡುಗರಿಗೆ ಅದನ್ನು ತೋರಿಸಿದೆ. ನನಗೆ ಬೇಕಾಗಿದ್ದ ವಿಷಯ ಮಾತ್ರ ಆ ಗಾಜಿನಲ್ಲಿ ಇರಲಿಲ್ಲ. ರೇಬಿಸ್ ವೈರಸ್ ಒಳಗಿದೆಯೇ ಇಲ್ಲವೇ ಎಂಬುದನ್ನು ಹೀಗೆ ಆರೋಗ್ಯವಾಗಿರುವ ಮನುಷ್ಯನ ರಕ್ತ ನೋಡಿ ಯಾರೂ ಹೇಳಲಾರರು. ಬ್ಯಾಕ್ಟೀರಿಯಕ್ಕೆ ವೈದ್ಯೆ ಬರೆದಿದ್ದ ಆ್ಯಂಟಿಬಯಾಟಿಕ್ ಗುಳಿಗೆಗಳು, ನ್ಯೂಟ್ರೋಫಿಲ್‌ಗಳು ಎರಡೂ ಸೇರಿ ಆ ಊತವನ್ನು ವಾರದೊಳಗೆ ಇಳಿಸಿದವು.

ಎರಡನೇ ಲಸಿಕೆಯಾದ ಮೇಲೆ ಸ್ನಾನ ಮಾಡುವಾಗ ಬಲಗೈಯ ಬಗಲಲ್ಲಿ ಒತ್ತಿದರೆ ನೋಯುವ, ಹುಣಸೆ ಬೀಜದಷ್ಟು ಗಾತ್ರದ ಗೆಡ್ಡೆಯೊಂದು ಕೈಗೆ ಸಿಕ್ಕಿತು. ಎಡಬಗಲಿನಲ್ಲೂ ಒಂದು ಇತ್ತು; ಆದರೆ ಅದರಲ್ಲಿ ಆಶ್ಚರ್ಯವಿಲ್ಲ, ಗಾಯ ಕೀವಾದರೆ ಆ ಕೈಯ ಬಗಲಲ್ಲಿ ಗೆಡ್ಡೆ ಕಟ್ಟುವುದು ಎಲ್ಲರಿಗೂ ಗೊತ್ತು. ಬಲಗೈಗೆ ಗಾಯವೇ ಆಗಿರಲಿಲ್ಲ. ಅಲ್ಲಿಗೆ ಹೋಗಿದ್ದದ್ದು ಲಸಿಕೆಯೊಂದೇ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಬೆರಳಿಂದ ಮುಟ್ಟಿ ನೋಡಬಹುದಾಗಿದ್ದ ಸಾಕ್ಷ್ಯ ಅದು, ಸುದ್ದಿ ತಲುಪಿತ್ತು.

ಊದಿದ ದುಗ್ಧಗ್ರಂಥಿಯೇ ಆದ ಆ ಗೆಡ್ಡೆಯೊಳಗೆ ಆಗುತ್ತಿದ್ದುದನ್ನು ಕಣ್ಣಿಗೆ ಕಟ್ಟಿಕೊಳ್ಳಲು ಯತ್ನಿಸಿದ್ದೇನೆ. ನಮ್ಮಲ್ಲಿನ ಬಿ ಮತ್ತು ಟಿ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳಲ್ಲಿ ಪ್ರತಿಯೊಂದೂ ಒಂದೊಂದೇ ಆಕಾರವನ್ನು ಗುರುತಿಸಬಲ್ಲದು, ಯಾವ ರೋಗ ಬಂದೀತೆಂದು ಗೊತ್ತಿಲ್ಲದೆಯೇ ಕೋಟ್ಯಂತರ ಆಕಾರಗಳಿಗೆ ಕೋಶಗಳು ಮೊದಲೇ ಹುಟ್ಟಿರುತ್ತವೆ. ಕೆಲವೇ ಜೀನುಗಳ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ದೇಹ ಇಷ್ಟೊಂದು ವೈವಿಧ್ಯ ಸಾಧಿಸುತ್ತದೆ ಎಂದು ತೋರಿಸಿದ ಸುಸುಮು ಟೊನೆಗಾವಾಗೆ 1987ರಲ್ಲಿ ನೊಬೆಲ್ ಬಂತು. ರೇಬಿಸ್ಸಿನ ಗ್ಲೈಕೊಪ್ರೋಟೀನಿಗೆ ಹೊಂದುವ ಕೆಲವೇ ಕೋಶಗಳು ನನ್ನಲ್ಲಿ ಲಸಿಕೆಗೂ ಮೊದಲೇ ಇದ್ದವು. ರಕ್ತ, ಗುಲ್ಮ, ದುಗ್ಧಗ್ರಂಥಿಗಳಲ್ಲಿ ಅಲೆಯುತ್ತಿದ್ದವು. ಚರ್ಮದಿಂದ ಬಂದ ಡೆಂಡ್ರೈಟಿಕ್ ಕೋಶಗಳು ಲಸಿಕೆಯ ತುಣುಕುಗಳನ್ನು ಹೊತ್ತು ಈ ಗ್ರಂಥಿಗೆ ಬಂದಾಗ, ಹೊಂದುವ ಟಿ ಕೋಶ ಅಲ್ಲಿ ಕಟ್ಟಿಕೊಂಡು ವೃದ್ಧಿಯಾಗುತ್ತದೆ, ಅದರ ನೆರವಿನಿಂದ ಹೊಂದುವ ಬಿ ಕೋಶವೂ ಒಡೆದೊಡೆದು ಸಾವಿರಾರಾಗುತ್ತದೆ. ಆಯ್ದದ್ದು ಮಾತ್ರ ಹೀಗೆ ಹೆಚ್ಚುತ್ತದೆ ಎಂಬ ಸಿದ್ಧಾಂತವನ್ನು ಆಸ್ಟ್ರೇಲಿಯದ ಮ್ಯಾಕ್‌ಫಾರ್ಲೇನ್ ಬರ್ನೆಟ್ 1957ರಲ್ಲಿ ಮಂಡಿಸಿದರು. ಇಷ್ಟೆಲ್ಲ ಜನಸಂದಣಿಯೇ ಗ್ರಂಥಿಯ ಊತ. ಮೊದಲು ಐಜಿಎಂ ಎಂಬ ಒರಟು ಪ್ರತಿಕಾಯಗಳು ಹೊರಡುತ್ತವೆ. ಅಷ್ಟರಲ್ಲಿ ಗ್ರಂಥಿಯ ಒಳಕೇಂದ್ರಗಳಲ್ಲಿ ಬಿ ಕೋಶಗಳು ತಮ್ಮ ಜೀನುಗಳಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಳ್ಳುತ್ತ ಹೋಗುತ್ತವೆ. ಹೆಚ್ಚು ಬಿಗಿಯಾಗಿ ಅಂಟುವವು ಉಳಿಯುತ್ತವೆ, ಸಡಿಲವಾದವು ಸಾಯುತ್ತವೆ. ಹೀಗೆ ಹದಗೊಂಡ ಐಜಿಜಿ ಪ್ರತಿಕಾಯಗಳು ಆಮೇಲೆ ಬರುತ್ತವೆ. 3ನೇ, 7ನೇ ದಿನದ ಮದ್ದುಗಳು ಈ ಕೆಲಸ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ವೈರಸ್ಸನ್ನು ತೋರಿಸಿ, ಪ್ರತಿಕ್ರಿಯೆ ಸಡಿಲವಾಗದಂತೆ ನೋಡಿಕೊಳ್ಳುತ್ತವೆ. ದಿನ ತಪ್ಪಿಸಬೇಡಿ ಎಂದು ಸಿಸ್ಟರ್ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗುಂಡು ಹಾಕುವುದು ಇದಕ್ಕಾಗಿಯೇ.

ಆ ರಾತ್ರಿ ಸ್ವಲ್ಪ ಜ್ವರ ಬಂತು. ಹೆಂಡತಿ ಗಾಬರಿಯಾದಳು, ಜ್ವರವೂ ಇದೇ ಕೆಲಸದ ಭಾಗ, ಕೋಶಗಳು ಬಿಡುವ ಸಂಕೇತಗಳು ಮಿದುಳಿನ ಉಷ್ಣನಿಯಂತ್ರಣ ಕೇಂದ್ರವನ್ನು ಮುಟ್ಟಿ ಹೀಗಾಗುತ್ತದೆ ಎಂದು ವಿವರಿಸಿದ್ದಕ್ಕಿಂತ ಪ್ಯಾರಾಸಿಟಮಾಲ್ ನುಂಗಿದ್ದು ಆಕೆಗೆ ಹೆಚ್ಚು ಸಮಾಧಾನ ಕೊಟ್ಟಿತು. ಪಥ್ಯದ ಬಗ್ಗೆಯೂ ಮನೆಯಲ್ಲಿ ಚರ್ಚೆ ನಡೆಯಿತು. ಬದನೆಕಾಯಿ ಬೇಡ, ಮೊಟ್ಟೆ ಬೇಡ, ಮಾಂಸವಂತೂ ಬೇಡವೇ ಬೇಡ ಎಂದು ಬಂದವರೆಲ್ಲ ಹೇಳಿದರು. ಪ್ರತಿಕಾಯಗಳೆಂದರೆ ಪ್ರೋಟೀನುಗಳೇ, ಅವನ್ನು ಕಟ್ಟುವ ದಿನಗಳಲ್ಲಿ ಮೊಟ್ಟೆ ಬಿಡುವುದಕ್ಕೆ ನನಗೆ ಯಾವ ಕಾರಣವೂ ಕಾಣಲಿಲ್ಲ.

ಮೂರನೇ ಮದ್ದಿನ ನಂತರದ ದಿನಗಳಲ್ಲಿ ಇನ್ನೊಂದು ಸಂಗತಿ ಆಯಿತು. ಹೊಟ್ಟೆ ಮತ್ತು ತೊಡೆಯ ಮೇಲೆ ತುರಿಸುವ ಕೆಂಪು ದದ್ದುಗಳೆದ್ದವು, ಮಂಡಿ ಮತ್ತು ಮಣಿಕಟ್ಟು ಹಿಡಿದುಕೊಂಡವು. ವೈದ್ಯೆ ನೋಡಿ, ಸೀರಮ್ ಕೊಟ್ಟವರಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದು ತುರಿಕೆಗೆ ಗುಳಿಗೆ ಕೊಟ್ಟರು. ಸ್ಟೆರಾಯ್ಡ್ ಬೇಡ ಎಂದರು, ಏಕೆಂದರೆ ಅದು ಲಸಿಕೆಗೆ ದೇಹ ಕೊಡುವ ಉತ್ತರವನ್ನೂ ತಗ್ಗಿಸಬಹುದು. ವಿಯೆನ್ನಾದಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ 1905ರಲ್ಲೇ ಈ ಸೀರಮ್ ಕಾಯಿಲೆಯನ್ನು ವಿವರವಾಗಿ ದಾಖಲಿಸಿದ್ದರು. ಕುದುರೆಯ ಪ್ರತಿಕಾಯ ನಮ್ಮ ದೇಹಕ್ಕೆ ಪರಕೀಯ ಪ್ರೋಟೀನು. ಒಂದೆರಡು ವಾರದಲ್ಲಿ ನಮ್ಮ ಬಿ ಕೋಶಗಳು ಅದರ ವಿರುದ್ಧವೂ ಪ್ರತಿಕಾಯ ತಯಾರಿಸುತ್ತವೆ, ಎರಡೂ ಕೂಡಿಕೊಂಡ ಗೊಂಚಲುಗಳು ಸಣ್ಣ ರಕ್ತನಾಳಗಳಲ್ಲೂ ಕೀಲುಗಳಲ್ಲೂ ಕೂತು ಉರಿ ಎಬ್ಬಿಸುತ್ತವೆ. ಕಾಪಾಡಲು ಬಂದದ್ದನ್ನೂ ರೋಗ ತರಬಲ್ಲದ್ದನ್ನೂ ಈ ವ್ಯವಸ್ಥೆ ಬೇರೆ ಮಾಡಿ ನೋಡುವುದಿಲ್ಲ. ತನ್ನದಲ್ಲ ಎಂಬುದೊಂದೇ ಅದರ ಲೆಕ್ಕ. ತುರಿಕೆ ಅಸಹನೀಯವಾಗಿತ್ತು ಎಂಬುದು ನಿಜವಾದರೂ, ಕಲಿಯುವ ಕೆಲಸ ಒಳಗೆ ಚೆನ್ನಾಗಿಯೇ ನಡೆಯುತ್ತಿದೆ ಎಂಬ ಸುಳಿವಾಗಿ ಅದನ್ನು ಓದಿಕೊಂಡೆ. ದದ್ದುಗಳು ಕೆಲವು ದಿನಗಳಲ್ಲಿ ತಾವಾಗಿ ಮಾಯವಾದವು.

ಆರೋಗ್ಯವಾಗಿರುವವರಿಗೆ ಲಸಿಕೆಯ ನಂತರ ಪ್ರತಿಕಾಯಗಳ ಪ್ರಮಾಣವನ್ನು ಅಳೆಯುವ ಅಗತ್ಯವಿಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಪ್ರಯೋಗಾಲಯದಲ್ಲಿ ರೇಬಿಸ್ ವೈರಸ್ಸಿನ ಜೊತೆಗೇ ಕೆಲಸ ಮಾಡುವವರಿಗೆ ಅದು ಬೇಕಾಗುತ್ತದೆ. ನಾನು ಮಾಡಿಸಿದ್ದು ಹಳೆಯ ವೃತ್ತಿಯ ಕುತೂಹಲಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈರಾಣುಶಾಸ್ತ್ರ ವಿಭಾಗದಲ್ಲಿ ಈ ಪರೀಕ್ಷೆ ಇದೆ; ವಿಶ್ವ ಆರೋಗ್ಯ ಸಂಸ್ಥೆಯ ರೇಬಿಸ್ ಸಹಯೋಗ ಕೇಂದ್ರವೂ ಅದೇ. ನಮ್ಮದೇ ರಕ್ತದಿಂದ ಬೇರ್ಪಡಿಸಿದ ತಿಳಿದ್ರವವನ್ನು ಹಂತಹಂತವಾಗಿ ತೆಳುಗೊಳಿಸಿ, ಗೊತ್ತಾದ ಪ್ರಮಾಣದ ಜೀವಂತ ವೈರಸ್ಸಿನ ಜೊತೆ ಬೆರೆಸಿ, ಆಮೇಲೆ ಕೋಶಗಳ ಮೇಲೆ ಬಿಡುತ್ತಾರೆ. ಸುಮಾರು ಒಂದು ದಿನ ಕಳೆದು, ಹೊಳೆಯುವ ಬಣ್ಣ ಹಾಕಿ, ಎಷ್ಟು ಕಡೆ ಸೋಂಕು ತಗಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಪ್ರತಿಕಾಯ ಇದೆಯೇ ಎಂದು ಕೇಳುವ ಪರೀಕ್ಷೆಗಳು ಬೇಕಾದಷ್ಟಿವೆ. ಅದು ವೈರಸ್ಸನ್ನು ನಿಜವಾಗಿ ತಡೆಯುತ್ತದೆಯೇ ಎಂದು ಕೇಳುವ ಪರೀಕ್ಷೆ ಇದು. ಒಂದು ಮಿಲಿಲೀಟರಿನಲ್ಲಿ 0.5 ಅಂತರರಾಷ್ಟ್ರೀಯ ಯೂನಿಟ್ ಇದ್ದರೆ ಲಸಿಕೆ ಫಲಿಸಿತು ಎಂದು ಲೆಕ್ಕ. ಸರಿಯಾಗಿ ಲಸಿಕೆ ಪಡೆದ ಬಹುತೇಕ ಎಲ್ಲ ಆರೋಗ್ಯವಂತರೂ 14ನೇ ದಿನದ ಹೊತ್ತಿಗೇ ಆ ಮಟ್ಟ ಮುಟ್ಟುತ್ತಾರೆ. ನನ್ನ ವರದಿಯಲ್ಲಿನ ಅಂಕಿ ಅದಕ್ಕಿಂತ ಸಾಕಷ್ಟು ಮೇಲಿತ್ತು.

28ನೇ ದಿನದ ಮದ್ದು ಕೊಟ್ಟ ಮೇಲೆ ವೈದ್ಯೆ ನನ್ನ ಚೀಟಿಯ ಹಿಂಬದಿಯಲ್ಲಿ ಒಂದು ಸಾಲು ಬರೆದು, ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ ಎಂದರು. ಮುಂದೆ ಮತ್ತೆ ನಾಯಿ ಕಚ್ಚಿದರೆ ಸೀರಮ್ ಬೇಡ, 0 ಮತ್ತು 3ನೇ ದಿನ ಎರಡೇ ಲಸಿಕೆ ಸಾಕು. ರಕ್ತದಲ್ಲಿನ ಪ್ರತಿಕಾಯಗಳ ಮಟ್ಟ ವರ್ಷಗಳು ಕಳೆದಂತೆ ಇಳಿಯುತ್ತದೆ. ಆದರೆ ಹದಗೊಂಡ ನೆನಪಿನ ಬಿ ಮತ್ತು ಟಿ ಕೋಶಗಳು ದುಗ್ಧಗ್ರಂಥಿಗಳಲ್ಲೂ ಗುಲ್ಮದಲ್ಲೂ ಉಳಿಯುತ್ತವೆ, ಪ್ರತಿಕಾಯ ಸುರಿಸುವ ಕೆಲವು ಪ್ಲಾಸ್ಮಾ ಕೋಶಗಳು ಅಸ್ಥಿಮಜ್ಜೆಯಲ್ಲಿ ದೀರ್ಘಕಾಲ ಬದುಕುತ್ತವೆ. ಲಸಿಕೆ ಮತ್ತೊಮ್ಮೆ ಕಂಡರೆ ಅವು ಎರಡು ವಾರ ತೆಗೆದುಕೊಳ್ಳದೆ ಕೆಲವೇ ದಿನಗಳಲ್ಲಿ ಮಟ್ಟವನ್ನು ಮೊದಲಿಗಿಂತಲೂ ಮೇಲಕ್ಕೆ ಏರಿಸುತ್ತವೆ. ಪಶುವೈದ್ಯರು, ನಾಯಿ ಹಿಡಿಯುವ ಸಿಬ್ಬಂದಿ ಕಚ್ಚಿಸಿಕೊಳ್ಳುವ ಮೊದಲೇ ಈ ಲಸಿಕೆ ಹಾಕಿಸಿಕೊಳ್ಳುವುದೂ ಇದೇ ಅನುಕೂಲಕ್ಕಾಗಿ. ಚೀಟಿಯನ್ನು ಎರಡು ಪ್ರತಿ ಮಾಡಿಸಿ ಒಂದನ್ನು ಮನೆಯ ಬೀರುವಿನಲ್ಲಿ, ಇನ್ನೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.